ನಾರಾಯಣಣ್ಣನ ಮುಖ

ನಾರಾಯಣಣ್ಣನ ಮುಖ ಕಂಡರೆ ಸಾಕು, ನನ್ನ ಮಗಳು ಕಿಟಾರನೆ ಕಿರುಚುತ್ತಿದ್ದಳು. ಪಾಪ, ಮನುಷ್ಯ ಒಳ್ಳೆಯವರೇ. ಆದರೆ ಆ ಪೊದೆ ಮೀಸೆ, ಬಸ್ ಓಡಿಸಿ ಓಡಿಸಿ ಒರಟಾದ ಆ ದನಿ! ಕರ್ಕಿಯಲ್ಲಿ ನಮ್ಮ ಬಾಡಿಗೆಮನೆಯ ಪಕ್ಕದವರು. ದಿನಾ ಬಂದು ಕೈಚಾಚುವರು, ದಿನಾ ಅಳು.

"ಎಂತ ಮಾರಾಯ್ತಿ, ನಾ ಎಂತ ಮಾಡಿದೆ ಇದಕ್ಕೆ? ಕಚ್ಚಿದ್ನಾ?"

"ವರ್ಷ ತುಂಬೂ ಹೊತ್ತಿಗೆ ಮಕ್ಕಳೆಲ್ಲ ಹೀಂಗೇ ಅಣ್ಣಾ. ಮನೆಯವರು ಯಾರು, ಹೊರಗಿನವರು ಯಾರು ಗೊತ್ತಾಗ್ತದಲ್ಲ."

"ಓಹೋ, ನಾ ಹೊರಗಿನವ! ಆತು, ಹೊರಗೇ ನಿಲ್ತೆ."

ಮುನಿಸಿಕೊಂಡು ಹೋದವರು ಸಂಜೆ ಮತ್ತೆ ಹಾಜರು. ಒಮ್ಮೆಯಾದರೂ ಅವಳನ್ನು ಎತ್ತಿಕೊಳ್ಳಬೇಕು, ಅದೊಂದೇ ಅವರ ಹಟ.

ನನ್ನ ಪಾಲಿಗೆ ಆಗ ಮನೆಯೇ ಜೈಲು. ನಾನು ಕಣ್ಮರೆಯಾದರೆ ಮಗು ಅಂಬೆಗಾಲಲ್ಲಿ ಹಿಂದೆಯೇ ಬರುತ್ತಿತ್ತು. ಕಂಡದ್ದನ್ನೆಲ್ಲ ತಾನೂ ಮಾಡುವ ಹುರುಪು ಬೇರೆ. ಒಂದು ಬೆಳಿಗ್ಗೆ ಅನ್ನ ಬಸಿದು, ಬಿಸಿಗಂಜಿಯ ಪಾತ್ರೆಯನ್ನು ಅಡುಗೆಮನೆಯ ನೆಲದ ಮೇಲೆ ಬಿಟ್ಟು ಬಚ್ಚಲಿಗೆ ಹೋಗಿದ್ದೆ. ಕಟಕ್! ಬಚ್ಚಲ ಬಾಗಿಲ ತಳದ ಚಿಲಕವನ್ನು ಅವಳು ಹೊರಗಿನಿಂದ ಸರಿಸಿದ್ದಳು. ನಾನು ದಿನಾ ಹಾಕುವುದನ್ನು ನೋಡಿದ್ದಳಲ್ಲ! ತೆಗೆಯುವುದು ಮಾತ್ರ ತಿಳಿಯದು. ಮುಂಬಾಗಿಲಿಗೂ ಒಳಗಿನಿಂದ ಅಗಳಿ. ಬಾಗಿಲು ಗುದ್ದಿದೆ, ಬೊಬ್ಬೆ ಹೊಡೆದೆ. ಅವಳ ಬಳೆಯ ಸದ್ದು ಅಡುಗೆಮನೆಯ ಕಡೆ ಸರಿಯಿತು. ಗಂಜಿಯ ಪಾತ್ರೆ ಅಲ್ಲೇ ನೆಲದ ಮೇಲಿತ್ತು!

"ಏ ಗಣಪು, ಹಂಚು ತೆಗೆದು ಒಳಗೆ ಇಳಿಯಾ!"

ಅಡುಗೆಮನೆಯ ಕಿಟಕಿಯಾಚೆ ನಾರಾಯಣಣ್ಣ ತಮ್ಮನನ್ನು ಕೂಗುತ್ತಿದ್ದರು. ಅಯ್ಯೋ ದೇವರೇ, ಇವರನ್ನು ಕಂಡು ಬೆದರಿ ಮಗು ಗಂಜಿಯ ಮೇಲೇ ಬಿದ್ದರೆ? ಆದರೆ ಅಳು ಕೇಳಲಿಲ್ಲ. ಹೆಂಗಸಿನಂಥ ಸಣ್ಣ ದನಿಯೊಂದು "ಪುಟ್ಟಿ ಎಲ್ಲಿ? ಓ, ಇಲ್ಲಿ!" ಎನ್ನುತ್ತಿತ್ತು. ಮಗು ಕೇಕೆ ಹಾಕಿ ನಗುತ್ತಿತ್ತು.

ಗಣಪು ಇಳಿದು ಚಿಲಕ ತೆಗೆದಾಗ ಓಡಿದೆ. ತಗ್ಗು ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ನಾರಾಯಣಣ್ಣ ಅವಳ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದರು. ಮುಖದ ತುಂಬ ಟವೆಲ್. ಆ ಸಣ್ಣ ದನಿಯೂ ಅವರದೇ! ಅವಳು ಅದನ್ನು ಎಳೆಯಲು ನೋಡುತ್ತಿದ್ದಳು.

"ತಂಗಿ, ಮೊದ್ಲು ಮಗು ಎತ್ಕೊ. ನನ್ನ ಮುಖ ಕಂಡ್ರೆ ಹೆದರ್ತದೆ," ಎಂದವರು ಬೆನ್ನು ತಿರುಗಿಸಿದ ಮೇಲೆಯೇ ಟವೆಲ್ ತೆಗೆದರು. ನಾನು ಅತ್ತುಬಿಟ್ಟೆ.

ಮಳೆಗಾಲ ಹಿಡಿಯುವ ಮುಂಚೆಯೇ, ಎದೆನೋವೆಂದು ಆಸ್ಪತ್ರೆಗೆ ಹೋದ ನಾರಾಯಣಣ್ಣ ತಿರುಗಿ ಬರಲಿಲ್ಲ. ಮಗಳಿಗೀಗ ಹೊಸಬರ ಹೆದರಿಕೆ ಬಿಟ್ಟಿದೆ. ಮೀನು ಮಾರುವವಳು, ಗ್ಯಾಸ್ ತರುವವನು, ಬಸ್ಸಿನಲ್ಲಿ ಪಕ್ಕ ಕೂತವರು, ಯಾರು ಕೈಚಾಚಿದರೂ ಹಾರಿ ಹೋಗುತ್ತಾಳೆ. ನೋಡಿದಾಗಲೆಲ್ಲ ದಿನಾ ಚಾಚುತ್ತಿದ್ದ ಅವರ ಕೈ ನೆನಪಾಗುತ್ತದೆ. ಇನ್ನೂ ಸ್ವಲ್ಪ ದಿನ ಇರಬಾರದಿತ್ತೇ ಆ ಮನುಷ್ಯ?