ಬೀದಿ ಮುಟ್ಟದ ಬೂಟು

ಶರಣಮ್ಮ, ಅಂದು ಡಾಕ್ಟರ ಮುಂದೆ ನಾನು ಹೇಳಿದ್ದು ಸುಳ್ಳು. ನಿಮ್ಮ ಮಗನ ಪಾದ ಮತ್ತೆ ಒಳಕ್ಕೆ ತಿರುಗಿದ್ದಕ್ಕೆ ಕಾರಣ ನೀವಲ್ಲ.

ಎರಡು ಸಾವಿರದ ಐದರ ಸುಮಾರಿಗೆ ಹಲಸೂರಿನ ಆ ಸಣ್ಣ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು — ಸುಲಭಕ್ಕೆ ಸಿಕ್ಕಿದ್ದಲ್ಲ, ಹೆಮ್ಮೆ ಈಗಲೂ ಇದೆ. ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ನೀವು ಹೊಸ ತಿಪ್ಪಸಂದ್ರದ ಬಾಡಿಗೆ ಕೋಣೆಯಿಂದ ವಾರವಾರ ಕೂಸನ್ನು ಹೊತ್ತು ತರುತ್ತಿದ್ದಿರಿ. ಹುಟ್ಟಿನಿಂದ ಸೊಟ್ಟಗಿದ್ದ ಪಾದವನ್ನು ನಾನು ಮೆಲ್ಲಗೆ ತಿರುಗಿಸಿ ಹಿಡಿಯುತ್ತಿದ್ದೆ, ಡಾಕ್ಟರು ಪ್ಲಾಸ್ಟರ್ ಪಟ್ಟಿ ಸುತ್ತುತ್ತಿದ್ದರು. ಪಾದ ನೆಟ್ಟಗಾದ ಮೇಲೆ ಕಂಬಿ ಜೋಡಿಸಿದ ಬೂಟು ಕೊಟ್ಟೆವು — ಮೊದಲು ಹಗಲೂ ರಾತ್ರಿ, ಆಮೇಲೆ ಮಲಗುವಾಗ, ವರ್ಷಗಟ್ಟಲೆ. ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ.

ಮುಂದಿನ ಸಲ ನೀವು ದನಿ ತಗ್ಗಿಸಿ ಕೇಳಿದಿರಿ: “ಮೇಡಂ, ಇರೋದು ಒಂದಽ ಖೋಲಿ. ದೇವರ ಜಗಲಿ ಅಲ್ಲೇ ಅದ. ಮೆಟ್ಟು ಹಾಕಿದ ಕೂಸಿನ್ನ ಅದರ ಮುಂದ ಮಲಗಸಬ್ಯಾಡ ಅಂತಾರ ನಮ್ಮತ್ತಿ. ಏನ್ ಮಾಡ್ಲಿ?”

ನಾನು ನಕ್ಕೆ. “ಮಗು ಕಾಲು ಬೇಕಾ, ಅತ್ತೆ ಬೇಕಾ? ಹೋಗಿ, ಹಿಂದೆ ಜನ ಕಾಯ್ತಿದ್ದಾರೆ.”

“ಅತ್ತೆಗೇ ಬೂಟು ಹಾಕಿ ಮಲಗಿಸ್ಬಿಡಮ್ಮಾ,” ಎಂದು ಆಯಾ ಕೂಡ ನಕ್ಕಳು.

ಉತ್ತರ ನನಗೆ ಗೊತ್ತಿತ್ತು. ನಮ್ಮಜ್ಜಿಯೂ ಹೊಸಿಲಾಚೆಗೇ ಚಪ್ಪಲಿ ಬಿಡಿಸುತ್ತಿದ್ದವಳು. ಬೀದಿ ಮುಟ್ಟದ ಬೂಟು ಮೆಟ್ಟಲ್ಲ, ಕಾಲಿಗೆ ಕಟ್ಟಿದ ಪಟ್ಟಿ ಇದ್ದಹಾಗೆ — ಇಷ್ಟನ್ನು ನಿಮ್ಮತ್ತೆಯನ್ನು ಕರೆಸಿ ಹೇಳಿದ್ದರೆ... ಆದರೆ ಹೇಳಿದರೆ ನಾನೂ ಅಂಥದೇ ಮನೆಯವಳೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದಲ್ಲ ಎಂಬ ಅಂಜಿಕೆ.

ಕೆಲವು ತಿಂಗಳ ಮೇಲೆ ಪಾದ ಮತ್ತೆ ಒಳಕ್ಕೆ ತಿರುಗಿತ್ತು. ಡಾಕ್ಟರು ನನ್ನನ್ನೇ ಕೇಳಿದರು: “ಬೂಟು ಹಾಕೋಕೆ ತೊಂದರೆ ಇದೆ ಅಂತ ಏನಾದ್ರೂ ಹೇಳಿದ್ರಾ ಇವರು?”

“ಇಲ್ಲ ಸಾರ್. ನಾನು ಎಲ್ಲಾ ಹೇಳಿ ಕಳಿಸಿದ್ದೆ. ಇವರು ಹೇಳಿದ ಮಾತು ಕೇಳಲ್ಲ.”

ನೀವು ನನ್ನನ್ನು ಒಮ್ಮೆ ನೋಡಿದಿರಿ. ಆಮೇಲೆ ಅವರಿಗೆ, “ಹೌದ್ರಿ, ನಂದಽ ತಪ್ಪು” ಎಂದಿರಿ. ಯಾಕೆ ಹಾಗೆಂದಿರೋ — ನಾಳೆ ಕೂಸಿನ ಕಾಲು ಹಿಡಿಯಬೇಕಾದವಳು ನಾನೇ ಎಂಬ ಭಯಕ್ಕಿರಬಹುದು.

ಎರಡನೇ ಸಲ ಬೂಟು ಕೊಡುವಾಗ ಆ ಒಂದು ಮಾತು ಹೇಳಿದೆ. ನಿಮ್ಮತ್ತೆ ಒಪ್ಪಿದರು. ಪಾದ ನೆಟ್ಟಗೇ ಉಳಿಯಿತು. ಅಷ್ಟು ಸುಲಭವಿತ್ತು — ಅದು ನನಗೆ ನೆಮ್ಮದಿಯಲ್ಲ.

ನನ್ನೊಳಗೆ ಉಳಿದಿರುವುದು ಆ ಎರಡನೇ ಬೂಟಿಗೆ ಮುಂಚಿನ ವಾರಗಳು. ಮೊದಲಿನಿಂದ ಮತ್ತೆ ಪ್ಲಾಸ್ಟರ್ ಪಟ್ಟಿ. ಕೂಸು ಕಿರುಚುವಾಗೆಲ್ಲ ನೀವು ಅದರ ಕಿವಿಗೆ ಬಾಯಿಟ್ಟು, “ನಂದಽ ತಪ್ಪಪ್ಪಾ, ನಿಮ್ಮವ್ವಂದಽ ತಪ್ಪು” ಎನ್ನುತ್ತಿದ್ದಿರಿ. ನಾನು ಅಲ್ಲೇ ಇದ್ದೆ, ಕೈಯಲ್ಲಿ ಆ ಪಾದ. ಅಲ್ಲ ಎನ್ನಲಿಲ್ಲ.