ಪಾಂಡುರಂಗನ ಥ್ಯಾಂಕ್ಸ್

ಲಂಡನ್ನಿನಲ್ಲಿ ಯಾವುದಕ್ಕೆ ಬರ ಬಂದರೂ ಥ್ಯಾಂಕ್ಸಿಗೆ ಬರವಿಲ್ಲ. ಅಂಗಡಿಯಲ್ಲಿ ಒಂದು ಡಬ್ಬಿ ಹಾಲು ಕೊಳ್ಳುವಷ್ಟರಲ್ಲಿ ಕೊಟ್ಟವರೂ ಕೊಂಡವರೂ ಸೇರಿ ನಾಲ್ಕಾರು ಸಲ ಹೇಳಿ ಮುಗಿಸಿರುತ್ತಾರೆ. ಬಾಗಿಲು ಹಿಡಿದು ನಿಂತವನಿಗೆ ಥ್ಯಾಂಕ್ಸ್, ದಾರಿ ಬಿಟ್ಟವಳಿಗೆ ಥ್ಯಾಂಕ್ಸ್. ಇಲ್ಲಿ ಸಿಗರೇಟು ಸೇದಬೇಡಿ ಎಂದು ಗದರಿಸುವ ಬೋರ್ಡಿನ ಕೊನೆಗೂ ಒಂದು ಥ್ಯಾಂಕ್ ಯೂ. ನಿಮಗೆ ಕೆಲಸ ಕೊಡುವುದಿಲ್ಲ ಎನ್ನುವ ಪತ್ರ ಶುರುವಾಗುವುದೇ ಅದರಿಂದ. ಸಾಕು, ಇನ್ನು ಬಾಯಿ ಮುಚ್ಚು ಎನ್ನಬೇಕಾದ ಕಡೆಯೂ ಅದನ್ನೇ ಸ್ವಲ್ಪ ಗಟ್ಟಿಯಾಗಿ ಅಂದರೆ ಆಯಿತು.

ಪಾಂಡುರಂಗ ಈ ಮಾತನ್ನು ಕೇಳಿದಷ್ಟು ಕೇಳಿದವರು ಕಡಿಮೆ. ಗದಗಿನಿಂದ ಬಂದು ಹ್ಯಾರೋ ಸುತ್ತಮುತ್ತ ವರ್ಷಗಟ್ಟಲೆ ಬಸ್ ಓಡಿಸಿದವನು ಅವನು. ಇಳಿಯುವವರು "ಥ್ಯಾಂಕ್ಸ್, ಡ್ರೈವರ್" ಎಂದು ಕೂಗಿ ಇಳಿದರೆ ಕನ್ನಡಿಯಲ್ಲಿ ನೋಡಿ ಕೈ ಎತ್ತುತ್ತಿದ್ದ. ಆ ಮಾತು ಅವನ ಪಾಲಿಗೆ ಯೂನಿಫಾರ್ಮಿನ ಹಾಗೆ. ಕೆಲಸದ ಮೇಲಿದ್ದಾಗ ಇರಬೇಕು, ಮನೆಗೆ ಬಂದಕೂಡಲೇ ಬಿಚ್ಚಿ ಗೂಟಕ್ಕೆ ಹಾಕಬೇಕು.

ಕೆಂಟನ್ನಿನ ಅವನ ಮನೆಯೊಳಗೆ ಅದಕ್ಕೆ ಪ್ರವೇಶವೇ ಇರಲಿಲ್ಲ. ಮಗಳು ಸೌಜನ್ಯಾ ಸ್ಕೂಲಿನಲ್ಲಿ ಕಲಿತು ಬಂದು, ರೊಟ್ಟಿ ಹಾಕಿದ ತಾಯಿಗೆ "ಥ್ಯಾಂಕ್ಸ್, ಮಮ್" ಅಂದರೆ ಇವನು ಕೈಯಲ್ಲಿನ ತುತ್ತು ನಿಲ್ಲಿಸಿ, "ಯಾಕವಾ, ನಿಮ್ಮವ್ವ ಏನ್ ಹೋಟೆಲ್ ಇಟ್ಟಾಳೇನು?" ಎಂದು ಕೇಳುತ್ತಿದ್ದ. ಪಕ್ಕದ ಮನೆಯ ಬೆಂಗಳೂರಿನ ಗಂಡ ಹೆಂಡತಿ ಸುಧೀರ್ ಮತ್ತು ಸಿರಿಶಾ ಊಟಕ್ಕೆ ಬಂದಾಗ, ಉಪ್ಪಿನಕಾಯಿ ಆಚೆ ಸರಿಸಿದ್ದಕ್ಕೂ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳಿಕೊಳ್ಳುವುದನ್ನು ಕಂಡು, "ನಿಮ್ಮ ಲಗ್ನ ಆಗೇತೋ ಇಲ್ಲೋ?" ಅಂದು ಅವರನ್ನು ನಗಿಸಿದ್ದ. ಥ್ಯಾಂಕ್ಸ್ ಇರುವುದು ಹೊರಗಿನವರಿಗೆ, ಮನೆಯವರಿಗೆ ಹೇಳಿದರೆ ಅವರನ್ನೂ ಹೊಸ್ತಿಲಾಚೆ ನಿಲ್ಲಿಸಿದ ಹಾಗೆ. ಇದು ಅವನೊಬ್ಬನ ಹುಚ್ಚೂ ಅಲ್ಲ. ಹೆಂಡತಿಗೆ ಧನ್ಯವಾದ ಹೇಳಿದ ಗಂಡಸನ್ನು ನಮ್ಮ ಕಡೆ ಯಾರಾದರೂ ನೋಡಿದ್ದರೆ ಹೇಳಲಿ.

ಹೆಂಡತಿ ಶ್ರೀಲತಾಗೆ ಇದು ಯಾವಾಗಲೂ ಸರಿ ಕಂಡಿತ್ತು ಎಂದೇನಲ್ಲ. ಸ್ಕೂಲಿನ ಅಡುಗೆಮನೆಯಲ್ಲಿ ದುಡಿದು ಬಂದು, ನಿಂತ ಕಾಲಲ್ಲೇ ಬಿಸಿ ರೊಟ್ಟಿ ಬಡಿದು ಹಾಕಿದ ಸಂಜೆಗಳಲ್ಲಿ ಒಂದು ಒಳ್ಳೆಯ ಮಾತು ಬರಲಿ ಎಂದು ಅವಳ ಕಿವಿ ಕಾದದ್ದುಂಟು. ಬರುತ್ತಿದ್ದದ್ದು ಮಾತ್ರ "ಉಪ್ಪು ಕಡಿಮಿ ಆಗೇತಿ." ಅವಳೂ ಬಿಡುತ್ತಿರಲಿಲ್ಲ. "ನಾಳಿಯಿಂದ ನೀವ ಮಾಡ್ಕೊರಿ," ಎಂದು ತಿರುಗಿ ಅನ್ನುತ್ತಿದ್ದಳು. ಹೀಗೆ ಜಗಳವಾಡಿಕೊಂಡು ಇಬ್ಬರೂ ಸುಖವಾಗಿಯೇ ಇದ್ದರು.

ನಿವೃತ್ತಿಯಾದ ಮೇಲೆ ಅವನ ನೆನಪು ಕೈಕೊಡತೊಡಗಿತು. ಮೊದಲು ಚಾವಿ, ಕನ್ನಡಕ. ಆಮೇಲೆ ಪಕ್ಕದ ಮನೆಯ ಸುಧೀರ್ ಯಾರೆಂಬುದು. ಆಮೇಲೆ ಹೆತ್ತ ಮಗಳ ಹೆಸರು. ಜಿಪಿ ಎನ್ನುವ ಬಡಾವಣೆಯ ಡಾಕ್ಟರು, ಆಸ್ಪತ್ರೆ, ಸ್ಕ್ಯಾನು ಎಂದು ಅಲೆದಾಡಿ ಕಾಯಿಲೆಗೆ ಒಂದು ಹೆಸರು ಸಿಕ್ಕಿತು, ಗುಣವಾಗುವ ದಾರಿ ಸಿಗಲಿಲ್ಲ. ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನಲ್ಲಿದ್ದ ಸೌಜನ್ಯಾ ಪ್ರತಿ ವಾರ ಬರುತ್ತಿದ್ದಳು. ತಾಯಿ ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಿ ಅಪ್ಪನನ್ನು ಕೇರ್ ಹೋಮಿಗೆ ಸೇರಿಸುವ ಮಾತು ಎತ್ತುತ್ತಿದ್ದಳು. ತಾಯಿಯದು ಕನ್ನಡ, ಮಗಳದು ಇಂಗ್ಲಿಷು, ಮೊದಲಿನಿಂದಲೂ ಆ ಮನೆಯ ಮಾತುಕತೆ ಹಾಗೆಯೇ.

"ಮಮ್, ಯೂ ಕಾಂಟ್ ಡೂ ಇಟ್ ಅಲೋನ್."

"ನಿಮ್ಮಪ್ಪಗ ನನ್ನ ಗುರುತು ಐತಿ. ಅದು ಇರೂತನಕಾ ಅವರು ಈ ಮನಿ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ. ಗುರುತು ಹತ್ತಲಿಲ್ಲಂದ್ರ ಆ ದಿನಾ ನಾನ ನಿನಗ ಫೋನ್ ಮಾಡ್ತೀನಿ. ಆಮ್ಯಾಲ ನೀ ಹೇಳಿದಂಗ ಆಗ್ಲಿ."

ಮಾತು ಕೊಡುವಾಗ ಅವಳಿಗೆ ಧೈರ್ಯವಿತ್ತು. ಏಕೆಂದರೆ ಪಾಂಡುರಂಗ ಅವಳನ್ನು ದಿನಾ ಬೈಯುತ್ತಿದ್ದ. ಸಾಕ್ಸು ಹಾಕಿದರೆ ಬಿಗಿಯಾಯಿತೆಂದು, ಚಹಾ ಕೊಟ್ಟರೆ ತಣ್ಣಗಾಯಿತೆಂದು. ಕೌನ್ಸಿಲ್ ಕಡೆಯಿಂದ ಸ್ನಾನ ಮಾಡಿಸಲು ಬರುವ ಹೆಂಗಸಿಗೆ ಮಾತ್ರ ತಲೆಬಾಗಿಸಿ ಥ್ಯಾಂಕ್ ಯೂ ಹೇಳುತ್ತಿದ್ದ. ಆ ಹೆಂಗಸು, ಎಷ್ಟು ಸಭ್ಯ ಮನುಷ್ಯ ಎಂದು ಹೊಗಳಿದರೆ ಶ್ರೀಲತಾ ಒಳಗೊಳಗೇ ನಗುತ್ತಿದ್ದಳು. ಬೈಸಿಕೊಂಡ ದಿನ ಅವಳಿಗೆ ಊಟ ರುಚಿಸುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಅವಳು ಅವನ ಶರ್ಟಿನ ಗುಂಡಿ ಹಾಕುತ್ತಿದ್ದಳು. ಅವನು ಸುಮ್ಮನೆ ನಿಂತು ಹಾಕಿಸಿಕೊಂಡು, "ಥ್ಯಾಂಕ್ಸ್ ರೀ, ಅಕ್ಕಾರ," ಅಂದ.

ಅವಳ ಕೈ ಕಾಲರಿನ ಮೇಲೆಯೇ ನಿಂತಿತು. ಅಣಕಿಸುತ್ತಿದ್ದಾನೆ ಅಂದುಕೊಂಡು ಮುಖ ನೋಡಿದಳು. ಅಣಕ ಇರಲಿಲ್ಲ. ಗುರುತಿಲ್ಲದ ಹೆಂಗಸರಿಗೆ ಅವನು ತೋರುವ ಮರ್ಯಾದೆ ಇತ್ತು. ಲಗ್ನವಾದಾಗಿನಿಂದ ಏಕವಚನದಲ್ಲೇ ಕರೆದ ಬಾಯಿ ಈಗ ಅವಳಿಗೆ ರೀ ಹಚ್ಚಿತ್ತು. ಆದರೂ ಮಗಳಿಗೆ ಫೋನ್ ಮಾಡಲಿಲ್ಲ. ನಿದ್ದೆಗಣ್ಣಿನಲ್ಲಿ ಏನೋ ಅಂದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಧ್ಯಾಹ್ನ ರೊಟ್ಟಿಗೆ ಕಡಲೆಹಿಟ್ಟಿನ ಜುಣಕ ಮಾಡಿದಳು, ಉಪ್ಪಿನ ಡಬ್ಬಿ ಮುಟ್ಟಲಿಲ್ಲ. ರೊಟ್ಟಿಯನ್ನೂ ಬೇಕೆಂದೇ ಒಂದಿಷ್ಟು ಹೊತ್ತಿಸಿದಳು. ತಾಟು ಅವನ ಮುಂದಿಟ್ಟು ಎದುರಿಗೆ ಕೂತಳು. ಬೈಯಲಿ, ತಾಟು ತಳ್ಳಲಿ, ನಿನ್ನ ಕೈಗೆ ಏನು ಧಾಡಿ ಬಂದಿದೆ ಎಂದು ಕೇಳಲಿ. ಕೇಳಿದರೆ ಸಾಕು, ಇನ್ನೂ ಒಂದಷ್ಟು ದಿನ ಇವನು ತನ್ನವನೇ ಎಂದು ಕಾದಳು. ಪಾಂಡುರಂಗ ತಲೆ ತಗ್ಗಿಸಿ ಮೆಲ್ಲಗೆ ಉಂಡ. ಹೊತ್ತಿದ ತುಣುಕನ್ನೂ ಬಿಡಲಿಲ್ಲ. ಬೀಗರ ಮನೆಯಲ್ಲಿ ಉಂಡವರ ಹಾಗೆ ತಾಟು ಬರಿದು ಮಾಡಿ ಅವಳ ಕಡೆ ನೋಡಿದ.

"ಭಾಳ ಛಲೋ ಆಗಿತ್ರಿ. ನಿಮಗ ಸುಮ್ಮನ ತ್ರಾಸು ಕೊಟ್ಟೆ. ಥ್ಯಾಂಕ್ಸ್."

"ಉಪ್ಪ ಹಾಕಿಲ್ರಿ ಅದಕ," ಅಂದಳು ಶ್ರೀಲತಾ. ದನಿ ಒಡೆದಿತ್ತು. "ಬೈರಿ ನನ್ನ. ಒಂದ್ ಸಲ ಬೈರಿ."

ಅವನು ಗಾಬರಿಯಾದ. "ಇರ್ಲಿ ಬಿಡ್ರಿ, ಅದಕ್ಯಾಕ ಅಳ್ತೀರಿ? ಯಾರ ಮನ್ಯಾಗರ ಆಗ್ತೈತಿ," ಎಂದು ನೀರಿನ ಲೋಟ ಅವಳ ಕಡೆ ಸರಿಸಿದ. ಅಷ್ಟು ವರ್ಷ ಅವಳು ಹಂಬಲಿಸಿದ ಮೆದು ಮಾತುಗಳೆಲ್ಲ ಅವತ್ತು ಒಟ್ಟಿಗೇ ಬಂದವು, ಒಂದೂ ಅವಳಿಗೆ ಬೇಕಿರಲಿಲ್ಲ.

ಚಳಿಗಾಲದ ಹೊತ್ತು, ಬೇಗ ಕತ್ತಲಾಯಿತು. ಪಾಂಡುರಂಗ ಕಿಟಕಿಯ ಹೊರಗೆ ನೋಡಿ, ಎದ್ದು ಕೋಟು ಹುಡುಕತೊಡಗಿದ.

"ಹೊತ್ತಾತು, ಬರ್ತೀನ್ರಿ. ಮನ್ಯಾಗ ನಮ್ಮಾಕಿ ದಾರಿ ನೋಡ್ತಿರ್ತಾಳ."

ಇಂಥ ಹೊತ್ತಿನಲ್ಲಿ ವಾದ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ವಾದ ಮಾಡುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ನಡ್ರಿ, ಮನೀತನಕಾ ಬಿಟ್ಟು ಬರ್ತೀನಿ," ಎಂದು ತಾನೂ ಕೋಟು ಹಾಕಿಕೊಂಡಳು. ಬೀದಿಯನ್ನು ಒಂದು ಸುತ್ತು ಹಾಕಿ ಮತ್ತೆ ಇದೇ ಬಾಗಿಲಿಗೆ ಕರೆತಂದರೆ ಒಂದು ವೇಳೆ ಎಲ್ಲ ಸರಿಹೋಗಬಹುದು ಎಂಬ ಆಸೆ.

ಫುಟ್‌ಪಾತಿನ ಮೇಲೆ ಅವನು ಅವಳಿಂದ ಸ್ವಲ್ಪ ದೂರವಿಟ್ಟೇ ನಡೆದ. ಅವಳು ತಡೆಯಲಾರದೆ ಕೇಳಿದಳು.

"ನಿಮ್ಮಾಕಿ ಹೆಂಗದಾರ್ರಿ?"

"ಬಾಯಿ ಭಾಳ ಜೋರು. ಒಂದ್ ಮಾತ ಅಂದ್ರ ನಾಕ ಮಾತ ತಿರಿಗಿ ಅಂತಾಳ." ಅವನು ನಕ್ಕ. ಸ್ವಲ್ಪ ದೂರ ಹೋದ ಮೇಲೆ, "ನಾ ಬಿಟ್ರ ಆಕಿಗೆ ಈ ಊರಾಗ ಯಾರೂ ಇಲ್ರಿ. ಒಬ್ಬಾಕಿನ ಇದ್ರ ಅಂಜತಾಳ. ಲಗೂನ ಹೋಗ್ಬೇಕು," ಅಂದ.

ಶ್ರೀಲತಾ ಕತ್ತಲಿನ ಕಡೆ ಮುಖ ತಿರುಗಿಸಿಕೊಂಡು ನಡೆದಳು.

ಗೇಟಿನ ಹತ್ತಿರ ಬಂದಾಗ ಅವನ ಮುಖ ಅರಳಿತು. ಮನೆ ಗುರುತು ಸಿಕ್ಕಿತ್ತು. ಅವಳು ಚಾವಿ ಹಾಕಿ ಬಾಗಿಲು ತೆರೆದಳು. ಅವನು ಒಳಗೆ ಹೆಜ್ಜೆಯಿಟ್ಟು ತಿರುಗಿ ನಿಂತ, ಬಾಗಿಲಿಗೆ ಅಡ್ಡವಾಗಿ.

"ಇಲ್ಲೀತನಕಾ ಬಂದ್ರಿ, ಭಾಳ ಉಪಕಾರ ಆತು. ಥ್ಯಾಂಕ್ಸ್ ರೀ. ಥಂಡಿ ಐತಿ, ನೀವೂ ಲಗೂನ ನಿಮ್ಮ ಮನೀಗೆ ಹೋಗ್ರಿ."

ಬಾಗಿಲು ಮುಚ್ಚಿತು. ಲಾಚು ತಾನಾಗಿಯೇ ಬಿದ್ದ ಸದ್ದು ಕೇಳಿಸಿತು. ಶ್ರೀಲತಾ ತನ್ನ ಮನೆಯ ಮೆಟ್ಟಿಲ ಮೇಲೆ ಹೊರಗಿನವಳಾಗಿ ನಿಂತಳು. ಪಕ್ಕದ ಮನೆಯ ಮುಂದೆ ಸುಧೀರ್ ಕಾರಿನಿಂದ ಇಳಿದು ಕೈ ಬೀಸಿದ, ಅವಳೂ ಬೀಸಿದಳು.

ಅಷ್ಟರಲ್ಲಿ ಒಳಗಿನಿಂದ ಗಟ್ಟಿ ದನಿ ಬಂತು.

"ಏ ಲತಾ! ಎಲ್ಲಿ ಹಾಳಾಗಿ ಹೋದಿ? ಮನಿಯೆಲ್ಲಾ ಕತ್ತಲ ಐತಿ. ಚಾ ಇಡು."

ಅದು ಪಾಂಡುರಂಗನದೇ ದನಿ, ಬೈಯುವ ಪಾಂಡುರಂಗನದು. ಅವಳು ಚಾವಿ ಹಾಕಿ, ಬಾಗಿಲು ನೂಕಿಕೊಂಡು, "ಬಂದ್ನಿರಿ, ಇಲ್ಲೇ ಅದೀನಿ," ಎನ್ನುತ್ತ ಒಳಗೆ ಓಡಿದಳು. ದೀಪ ಹಾಕಿದಳು.

ಒಳಗೆ ಮಹಡಿ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಅವನು ಅವಳನ್ನು ನೋಡಿದ. ನೋಡಿ ದನಿ ತಗ್ಗಿಸಿದ.

"ಏನ್ರಿ ಅಕ್ಕಾರ, ಏನರ ಮರ್ತ್ ಹೋಗಿದ್ರೇನು?"

"ಹೌದ್ರಿ," ಅಂದಳು ಶ್ರೀಲತಾ. ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಕೋಟು ಬಿಚ್ಚದೆಯೇ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಆಮೇಲೆ ಸೌಜನ್ಯಾಗೆ ಫೋನ್ ಮಾಡಿದಳು.