ಯಾರೂ ರೆಕಾರ್ಡ್ ಮಾಡದ ದನಿ

ಶೂಟಿಂಗ್ ಮನೆಗಳಲ್ಲಿ ದೆವ್ವ ಕಂಡವರ ಕತೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ಕೇಳಿ ನಕ್ಕಿದ್ದೇನೆ. ಎಡಿಟಿಂಗ್ ಮಾಡುವವಳಿಗೆ ಇಂಥದ್ದನ್ನು ನಂಬುವುದು ಕಷ್ಟ. ತೆರೆಯ ಮೇಲೆ ಬರುವುದೆಲ್ಲ ಯಾರೋ ಕೂತು ಇಟ್ಟದ್ದೇ ಎಂದು ನನಗೆ ಗೊತ್ತು. ಆದರೆ ಕೆಲವು ವರ್ಷಗಳ ಹಿಂದೆ ಮಲ್ಲೇಶ್ವರದ ಒಂದು ಥಿಯೇಟರಿನಲ್ಲಿ, ಬೆಳಗಿನ ಆಟದಲ್ಲಿ, ನನ್ನ ಕಿವಿಯಾರೆ ಕೇಳಿದ್ದನ್ನು ಏನೆನ್ನಬೇಕೋ ಇಂದಿಗೂ ತಿಳಿದಿಲ್ಲ. ಆಗಿನ ಸಿಟ್ಟು ಇನ್ನೂ ಆರಿಲ್ಲ. ಅದು ಇಲ್ಲಿ ಕಂಡರೆ ಕಾಣಲಿ.

ಚಿತ್ರ ಸಣ್ಣದು. ಒಂದು ಬಾಡಿಗೆ ಕ್ಯಾಮೆರಾ, ಚಾಮರಾಜಪೇಟೆಯ ಒಂದು ಹಳೇ ಮನೆ, ಹತ್ತು ಹನ್ನೆರಡು ಜನ. ಎಡಿಟರ್ ಆದ ನಾನೇ ಸೆಟ್ಟಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ತೆಗೆದ ದೃಶ್ಯಗಳನ್ನು ಆಗಿಂದಾಗಲೇ ಕಾಪಿ ಮಾಡಿಕೊಳ್ಳುತ್ತಿದ್ದೆ. ನಿರ್ದೇಶಕ ಕಿರಣ್ ನನ್ನ ಕಾಲೇಜಿನ ಗೆಳೆಯ. ತಾಯಿಯ ಪಾತ್ರಕ್ಕೆ ರುಕ್ಮಿಣಮ್ಮ ಬಂದಿದ್ದರು. ಚಿಕ್ಕಂದಿನಿಂದ ಕಂಪನಿ ನಾಟಕಗಳಲ್ಲಿ ಬೆಳೆದವರು, ಮೈಕಿಲ್ಲದೆ ಕಡೇ ಸಾಲಿನವರೆಗೆ ಮಾತು ಮುಟ್ಟಿಸಿದವರು.

ಚಿತ್ರದ ಒಂದು ದೃಶ್ಯದಲ್ಲಿ, ಗಂಡನ ಏಟು ತಾಳದೆ ತವರಿಗೆ ಬಂದ ಮಗಳು ಮತ್ತೆ ಅವನ ಮನೆಗೇ ಹೊರಟಿದ್ದಾಳೆ. ಆಗ ತಾಯಿ ಹೇಳಬೇಕಾದ ಮಾತು: “ಹೋಗೋದಾದ್ರೆ ಹೋಗು. ಆದ್ರೆ ಅಮ್ಮ ಕಳಿಸಿದ್ಲು ಅಂತ ಯಾರ ಹತ್ರಾನೂ ಹೇಳ್ಬೇಡ.” ಅವತ್ತು ಪಕ್ಕದ ಮನೆ ಒಡೆಯುತ್ತಿದ್ದರು. ಯಂತ್ರದ ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಹೇಗೂ ಆಮೇಲೆ ಡಬ್ಬಿಂಗ್ ಇದೆಯಲ್ಲ ಎಂದು ಚಿತ್ರೀಕರಣ ನಿಲ್ಲಿಸಲಿಲ್ಲ. ರುಕ್ಮಿಣಮ್ಮ ಗದ್ದಲ ಮೀರಿಸಲೆಂದು ಕೂಗಿ ಹೇಳಿದರೆ ಕಿರಣ್ ಎಲ್ಲರೆದುರು ಕೂಗಾಡಿದ. “ಅಮ್ಮಾ, ಇದು ನಾಟಕ ಅಲ್ಲ! ಎಷ್ಟು ಸಲ ಹೇಳೋದು?”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ಆಯ್ತಪ್ಪ. ಡಬ್ಬಿಂಗ್ ನಾನೇ ತಾನೇ? ಆಗ ಮೆತ್ತಗೆ ಹೇಳ್ತೀನಿ” ಎಂದರು. “ನೀವೇ ಅಮ್ಮಾ, ಬೇರೆ ಯಾರ್ ಮಾಡ್ತಾರೆ?” ಎಂದ. ನಾನು ಪಕ್ಕದಲ್ಲೇ ಇದ್ದೆ.

ಚಿತ್ರೀಕರಣ ಮುಗಿಯಿತು. ನಾನು ಎನ್.ಆರ್. ಕಾಲೋನಿಯ ಒಂದು ಮಹಡಿ ಕೋಣೆಯಲ್ಲಿ ಎಡಿಟಿಂಗ್‌ಗೆ ಕೂತೆ. ರುಕ್ಮಿಣಮ್ಮ ಆಗಾಗ ಫೋನ್ ಮಾಡುತ್ತಿದ್ದರು. “ಯಾವತ್ತು ಬರ್ಲಮ್ಮ? ಗಂಟ್ಲು ಯಾಕೋ ಸರಿಯಿಲ್ಲ. ಬೇಗ ಮುಗಿಸ್ಕೊಂಡ್ಬಿಟ್ರೆ ಒಳ್ಳೇದಿತ್ತು.” ಕಿರಣ್‌ಗೆ ಹೇಳಿದರೆ “ನೋಡೋಣ” ಅನ್ನುವನು. ಹೀಗೆ ನೋಡುತ್ತ ನೋಡುತ್ತಲೇ ಆಕೆಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಮಾತು ಹೋಯಿತು.

ಸುದ್ದಿ ತಿಳಿದು ಕಿರಣ್ ಹೇಳಿದ್ದೇನು ಗೊತ್ತೆ? “ಒಂಥರಾ ಒಳ್ಳೇದೇ ಆಯ್ತು ಬಿಡು. ಹೆಂಗೂ ಆ ವಾಯ್ಸ್ ಚೇಂಜ್ ಮಾಡ್ಬೇಕಂತಿದ್ದೆ.”

ಕೈಯಲ್ಲಿದ್ದ ಹೆಡ್‌ಫೋನನ್ನು ಗೋಡೆಗೆ ಬೀಸಿದೆ. ಅವನು ಒಂದು ಡಬ್ಬಿಂಗ್ ಹುಡುಗಿಯನ್ನು ಕರೆಸಿದ. ನಯವಾದ, ಎಲ್ಲಿಯೂ ತಗುಲದ ದನಿ. ಅದಕ್ಕೆ ಮೊದಲು ನಾನು ಶೂಟಿಂಗ್ ದಿನದ ಆಡಿಯೋದಿಂದ ರುಕ್ಮಿಣಮ್ಮನವರ ಮಾತನ್ನು ಬೇರ್ಪಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಆಗಲಿಲ್ಲ. ಅದರಲ್ಲಿ ಯಂತ್ರ ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಹುಡುಗಿಯ ದನಿಯನ್ನು ಆಕೆಯ ತುಟಿಗೆ ಕೂಡಿಸಿದವಳು ನಾನೇ. ಥಿಯೇಟರಿಗೆ ಹೋಗುವ ಫೈಲಿಗೆ ಬೀಗ ಬಿದ್ದ ಮೇಲೆ ಯಾರೂ ಅದರಲ್ಲಿ ಒಂದಕ್ಷರ ಬದಲಿಸಲಾರರು.

ಬಿಡುಗಡೆಯ ದಿನ ರುಕ್ಮಿಣಮ್ಮನವರನ್ನು ಆಟೋದಲ್ಲಿ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡೆ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ಆ ದೃಶ್ಯ ಹತ್ತಿರವಾದಂತೆ ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು. ತೆರೆಯ ತುಂಬ ಆಕೆಯ ಮುಖ ಬಂತು.

“ಹೋಗೋದಾದ್ರೆ ಹೋಗು.”

ಡಬ್ಬಿಂಗ್ ಹುಡುಗಿಯದಲ್ಲ. ರುಕ್ಮಿಣಮ್ಮನವರ ದನಿ. ತುಸು ಒಡಕು, ಸ್ಪಷ್ಟ, ಮೆತ್ತಗೆ. ಶೂಟಿಂಗ್ ದಿನದ ಕೂಗಲ್ಲ. ಆಕೆ ಎಂದೂ, ಯಾವ ಮೈಕಿನ ಮುಂದೆಯೂ ಹೇಳದೇ ಉಳಿದಿದ್ದ ಮಾತು. ತಿರುಗಿ ನೋಡಿದೆ. ಆಕೆಯ ಬಾಯಿ ಮುಚ್ಚಿತ್ತು, ಕೈ ಗಂಟಲ ಮೇಲಿತ್ತು. ಮಾತು ಪೂರ್ತಿ ಬಂತು. ಮುಂದಿನ ದೃಶ್ಯದಿಂದ ಮತ್ತೆ ಆ ಹುಡುಗಿಯ ದನಿ.

ಇಂಟರ್ವಲ್ಲಿನಲ್ಲಿ ಕಿರಣ್ ನನ್ನ ತೋಳು ಹಿಡಿದೆಳೆದ. “ಯಾರನ್ನ ಕೇಳಿ ಚೇಂಜ್ ಮಾಡ್ದೆ? ಎಲ್ಲಿತ್ತು ಆ ವಾಯ್ಸು?”

“ನಾನು ಮಾಡಿಲ್ಲ ಕಣೋ.”

“ಮತ್ತೆ ಅವಳೇ ಗಾಳೀಲಿ ಬಂದು ಡಬ್ ಮಾಡಿ ಹೋದ್ಲಾ?”

“ಅವಳು ಇವಳು ಅಂದ್ರೆ ನಾಲ್ಗೆ ಕಿತ್ತುಬಿಡ್ತೀನಿ!” ಎಂದು ಕಿರುಚಿದೆ. ಪಾಪ್‌ಕಾರ್ನ್ ಹಿಡಿದು ನಿಂತವರೆಲ್ಲ ತಿರುಗಿ ನೋಡಿದರು.

ಆಟ ಮುಗಿದ ಮೇಲೆ ಆಪರೇಟರ್ ನಮ್ಮಿಬ್ಬರ ಎದುರೇ ಆ ಭಾಗವನ್ನು ಮತ್ತೆ ಹಾಕಿದರು. ಡಬ್ಬಿಂಗ್ ಹುಡುಗಿಯ ದನಿ. ಮಧ್ಯಾಹ್ನದ ಆಟದಲ್ಲೂ ಅದೇ, ಆಮೇಲೆ ಎಲ್ಲ ಕಡೆಯೂ ಅದೇ. ನನಗೊಬ್ಬಳಿಗೇ ಕೇಳಿಸಿದ್ದರೆ ಮನಸ್ಸಿನ ಭ್ರಮೆ ಎಂದು ಬಿಡಬಹುದಿತ್ತು. ಆದರೆ ಕಿರಣನೂ ಕೇಳಿದ್ದ.

ನಾನು ಹಟಕ್ಕೆ ಮೋಸ ಮಾಡಿದೆ ಎಂದೇ ಅವನು ಇಂದಿಗೂ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ. ಅವನ ಜೊತೆ ಮತ್ತೆ ಕೆಲಸ ಮಾಡಿಲ್ಲ. ರುಕ್ಮಿಣಮ್ಮನವರೂ ನಾನೇ ಹೇಗೋ ಮಾಡಿದೆ ಎಂದು ನಂಬಿದ್ದಾರೆ. ಅವತ್ತು ಆಟೋದಲ್ಲಿ “ನಾನಲ್ಲ ಅಮ್ಮ, ದೇವರಾಣೆಗೂ ನಾನಲ್ಲ” ಎಂದೆ. ಆಕೆ ಸುಮ್ಮನಿರು ಎಂಬಂತೆ ತಲೆಯಾಡಿಸಿ, ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಈಗಲೂ ಹೋದಾಗಲೆಲ್ಲ ಹಾಗೇ ಮಾಡುತ್ತಾರೆ. ಮೊದಮೊದಲು ಕೈ ಎಳೆದುಕೊಳ್ಳುತ್ತಿದ್ದೆ. ಈಗ ಎಳೆದುಕೊಳ್ಳುವುದಿಲ್ಲ.